ಸೂಪರ್‌ಮಾರ್ಕೆಟ್‌ಗೆ ಎಂಥ ಸಾಫ್ಟ್‌ವೇರ್ ಬೇಕು?

ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕ್ಯಾನರ್ ಒಮ್ಮೆ ಬೀಪ್ ಎಂದರೆ ಮೂರು ಕೆಲಸ ಆಗುತ್ತವೆ. ಬಿಲ್ಲಿಗೆ ಬೆಲೆ ಸೇರುತ್ತದೆ, ಅಂಗಡಿಯ ಸ್ಟಾಕಿನಲ್ಲಿ ಒಂದು ಕಡಿಮೆಯಾಗುತ್ತದೆ, ಸ್ಟಾಕು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದಿದ್ದರೆ ಗೋದಾಮಿಗೆ ಬೇಡಿಕೆ ಹೋಗುತ್ತದೆ. 1974ರ ಜೂನ್ 26ರಂದು ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ರಿಗ್ಲೀಸ್ ಚ್ಯೂಯಿಂಗ್ ಗಮ್ಮಿನ ಪೊಟ್ಟಣವನ್ನು ಸ್ಕ್ಯಾನ್ ಮಾಡುವುದರೊಂದಿಗೆ ದಿನಸಿ ಅಂಗಡಿಗಳಿಗೆ ಬಾರ್‌ಕೋಡ್ ಬಂತು. ಇಂದಿನ ಮೊಬೈಲ್ ಆ್ಯಪ್, ಮನೆ ಬಾಗಿಲಿಗೆ ಡೆಲಿವರಿ, ಬೇಡಿಕೆಯ ಮುನ್ಸೂಚನೆ ಎಲ್ಲಕ್ಕೂ ಅಡಿಪಾಯ ಆ ಸ್ಕ್ಯಾನಿಂಗ್‌ನಿಂದ ಸಿಗುವ ಲೆಕ್ಕವೇ.

ಈ ಲೆಕ್ಕವನ್ನು ಯಾವುದಕ್ಕೆ ಬಳಸಬೇಕು ಎನ್ನುವುದು ಅಂಗಡಿ ನಡೆಸುವವರು ತೀರ್ಮಾನಿಸಬೇಕಾದ ಮಾತು. ಅಗ್ಗದ ಬೆಲೆಯೇ ಗುರಿಯಾದರೆ ಸಾಫ್ಟ್‌ವೇರು ಖರ್ಚು ಇಳಿಸಬೇಕು: ಲಾರಿ ತುಂಬಿ ಬರಬೇಕು, ನಿಧಾನವಾಗಿ ಮಾರುವ ಸರಕು ಯಾವುದೆಂದು ಕಾಣಬೇಕು. ತಾಜಾ ತರಕಾರಿಗೆ ಹೆಸರಾಗಬೇಕೆಂದರೆ ವಾರಕ್ಕೊಮ್ಮೆ ಬರುವ ವರದಿಯಿಂದ ಕೊತ್ತಂಬರಿ ಸೊಪ್ಪಿನ ವಿಷಯದಲ್ಲಿ ಏನೇನೂ ಪ್ರಯೋಜನವಿಲ್ಲ. ನಾಳೆ ಬೆಳಿಗ್ಗೆ ಎಷ್ಟು ಕಟ್ಟು ತರಿಸಬೇಕು ಎಂಬುದು ಇವತ್ತೇ ಗೊತ್ತಾಗಬೇಕು. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಕೊಂಡರೂ ಅದನ್ನು ಹೊಂದಿಸುವ ರೀತಿ ಬೇರೆಬೇರೆ.

ಗುರಿಗೆ ತಕ್ಕಂತೆ ಹೊಂದಿಸುವ ಈ ಕೆಲಸವನ್ನು ಬ್ರಿಟನ್ನಿನ ಟೆಸ್ಕೊ ಸರಿಯಾಗಿ ಮಾಡಿತು. ಆಗ ಅಲ್ಲಿ ಮುಂದಿದ್ದ ಸೇನ್ಸ್‌ಬರೀಸ್‌ಅನ್ನು ಹಿಂದಿಕ್ಕಬೇಕಿತ್ತು. ಅದಕ್ಕೆ ತನ್ನ ಗಿರಾಕಿಗಳು ಯಾರು, ಏನು ಕೊಳ್ಳುತ್ತಾರೆ ಎಂಬುದು ತಿಳಿಯಬೇಕಿತ್ತು. ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ಕಟ್ಟಿದ ಡನ್‌ಹಂಬಿ ಸಂಸ್ಥೆಯ ನೆರವಿನಿಂದ 1995ರ ಫೆಬ್ರವರಿಯಲ್ಲಿ ಕ್ಲಬ್‌ಕಾರ್ಡ್ ದೇಶವಿಡೀ ಜಾರಿಗೆ ಬಂತು. ಗಿರಾಕಿಗೆ ಪಾಯಿಂಟು, ಕೆಲವು ತಿಂಗಳಿಗೊಮ್ಮೆ ಅಂಚೆಯಲ್ಲಿ ವೋಚರು. ಅಂಗಡಿಗೆ ಯಾವ ಮನೆ ಏನು ಕೊಳ್ಳುತ್ತದೆ ಎಂಬ ತಿಳಿವಳಿಕೆ. ಅದೇ ವರ್ಷ ಟೆಸ್ಕೊ ಬ್ರಿಟನ್ನಿನ ಅತಿದೊಡ್ಡ ಸೂಪರ್‌ಮಾರ್ಕೆಟ್ ಆಯಿತು. ಎಲ್ಲವೂ ಕಾರ್ಡಿನಿಂದಲೇ ಆಯಿತು ಎನ್ನಲಾಗದು. ಆದರೆ ಪ್ರಶ್ನೆ ಮೊದಲು ಹುಟ್ಟಿ, ಯಂತ್ರ ಆಮೇಲೆ ಬಂದದ್ದು ನನ್ನ ದೃಷ್ಟಿಯಲ್ಲಿ ಮುಖ್ಯ.

ಜರ್ಮನಿಯ ಲಿಡ್ಲ್ ಕಥೆ ಇದಕ್ಕೆ ತಿರುಗುಮುರುಗು. ಹಳೆಯ ಸ್ವಂತ ವ್ಯವಸ್ಥೆಯನ್ನು ಬಿಟ್ಟು ಎಸ್‌ಎಪಿ ಸಾಫ್ಟ್‌ವೇರಿಗೆ ಹೋಗಲು ಅದು 2011ರಲ್ಲಿ ಹೊರಟಿತು. ಲಿಡ್ಲ್ ತನ್ನ ದಾಸ್ತಾನಿಗೆ ಬೆಲೆ ಕಟ್ಟುತ್ತಿದ್ದುದು ಕೊಂಡ ದರದಲ್ಲಿ. ಆ ಸಾಫ್ಟ್‌ವೇರು ಲೆಕ್ಕ ಹಿಡಿಯುತ್ತಿದ್ದುದು ಮಾರುವ ದರದಲ್ಲಿ. ಕಂಪನಿ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ತಿದ್ದಿಸತೊಡಗಿತು. ತಿದ್ದಿದಷ್ಟೂ ತೊಡಕು ಬೆಳೆಯಿತು. 2018ರಲ್ಲಿ ಯೋಜನೆ ನಿಂತಾಗ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತೆಂದು ಅಲ್ಲಿನ ಪತ್ರಿಕೆಗಳು ಬರೆದವು. ಲೆಕ್ಕದ ಪದ್ಧತಿ ಬದಲಿಸುತ್ತೇವೋ ಇಲ್ಲವೋ ಎಂಬುದು ಪ್ರೋಗ್ರಾಮರ್‌ಗಳು ಬಗೆಹರಿಸುವ ವಿಷಯವೇ ಅಲ್ಲ. ಆಡಳಿತದವರು ಕೆಲಸ ಶುರುವಾಗುವ ಮೊದಲೇ ಹೇಳಬೇಕಾದ ಮಾತು ಅದು.

ಕೆನಡಾದಲ್ಲಿ ಅಮೆರಿಕದ ಟಾರ್ಗೆಟ್ ಕಂಪನಿ ಎಡವಿದ್ದು ಇನ್ನೂ ಕೆಳಗಿನ ಹಂತದಲ್ಲಿ. 2013ರಲ್ಲಿ ಬೇಗಬೇಗ ನೂರಕ್ಕೂ ಹೆಚ್ಚು ಅಂಗಡಿ ತೆರೆಯುವುದು ಗುರಿ. ಆ ಅವಸರದಲ್ಲಿ ಸರಕುಗಳ ವಿವರ ತುಂಬಿದವರು ಸೆಂಟಿಮೀಟರ್ ಇರಬೇಕಾದಲ್ಲಿ ಇಂಚು ಬರೆದರು, ಅಗಲವೂ ಎತ್ತರವೂ ಅದಲುಬದಲಾದವು. ಗೋದಾಮು ತುಂಬಿ ತುಳುಕುತ್ತಿತ್ತು, ಅಂಗಡಿಯ ರ‍್ಯಾಕು ಖಾಲಿ. 2015ರ ಜನವರಿಯಲ್ಲಿ 133 ಅಂಗಡಿಗಳನ್ನೂ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು.

ಖಾಲಿ ರ‍್ಯಾಕಿನ ತೊಂದರೆ ಸಣ್ಣ ಅಂಗಡಿಗೂ ತಪ್ಪಿದ್ದಲ್ಲ. ಕಳುವಾಗಿಯೋ, ಒಡೆದೋ, ತಪ್ಪು ಬಿಲ್ಲಾಗಿಯೋ ರ‍್ಯಾಕಿನಲ್ಲಿ ಸರಕು ಮುಗಿದಿದೆ, ಕಂಪ್ಯೂಟರಿನಲ್ಲಿ ಮಾತ್ರ 12 ಉಳಿದಿದೆ ಎನ್ನೋಣ. ಕಂಪ್ಯೂಟರ್ ಹೊಸದಾಗಿ ತರಿಸುವುದಿಲ್ಲ. ಮಾರಾಟವಿಲ್ಲದ್ದರಿಂದ ಆ 12 ಎಂದೂ ಇಳಿಯುವುದಿಲ್ಲ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ದಿನವೂ ಮಾರುವ ಸರಕುಗಳಲ್ಲಿ ಎರಡು ದಿನದಿಂದ ಯಾವುದು ಮಾರಾಟವಾಗಿಲ್ಲ ಎಂಬ ಪಟ್ಟಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಸಿಕ್ಕರೆ ಸಾಕು. ಹುಡುಗನೊಬ್ಬ ಹೋಗಿ ಎಣಿಸಿ ಬಂದು ಸಂಖ್ಯೆ ಸರಿಪಡಿಸುತ್ತಾನೆ. ಗಿರಾಕಿ ಬರಿಗೈಲಿ ಹೋಗಬಾರದು ಎಂಬ ಗುರಿಗೆ ಇಷ್ಟು ನೇರವಾಗಿ ದುಡಿಯುವ ವರದಿ ಇನ್ನೊಂದಿಲ್ಲ.

ಟೆಸ್ಕೊ, ವಾಲ್‌ಮಾರ್ಟ್, ಟಾರ್ಗೆಟ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ತಂತ್ರಜ್ಞಾನ ಕೇಂದ್ರಗಳಿವೆ. ಅಂಥ ಕಡೆ ದುಡಿಯುವವರು ನಮ್ಮೂರಿನ ಯಾವುದಾದರೂ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಭಾನುವಾರ ಸಂಜೆ ಕೌಂಟರಿನ ಹತ್ತಿರ ನಿಂತು ನೋಡಬೇಕು. ಸರದಿ ಎಲ್ಲಿ ನಿಲ್ಲುತ್ತದೆ, ಯಾವ ಬಾರ್‌ಕೋಡ್ ಓದುವುದಿಲ್ಲ, ತೂಕದ ಚೀಟಿ ಇಲ್ಲದ ಟೊಮ್ಯಾಟೊ ಎಷ್ಟು ಸಲ ವಾಪಸ್ ಹೋಗುತ್ತದೆ ಎಂಬುದು ಮೀಟಿಂಗಿನಲ್ಲಿ ಗೊತ್ತಾಗುವುದಿಲ್ಲ.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ಮೂರು ಅಂಗಡಿ ನಡೆಸುವವರಿಗೆ ನನ್ನ ಸಲಹೆ ಇಷ್ಟು. ಸಾಫ್ಟ್‌ವೇರ್ ಕಂಪನಿಯವರು ಡೆಮೊ ತೋರಿಸುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಮುಂದಿನ ವರ್ಷ ಯಾವ ನಷ್ಟ ಕಡಿಮೆಯಾಗಬೇಕು, ಈಗ ಅದು ತಿಂಗಳಿಗೆ ಎಷ್ಟಿದೆ, ಇಳಿಯಿತೋ ಇಲ್ಲವೋ ಎಂದು ನೋಡಿಕೊಳ್ಳುವವರು ಯಾರು. ಆ ಹಾಳೆಯನ್ನು ಅವರ ಮುಂದಿಟ್ಟು ಕೇಳಿ. ಸರಿಯಾದ ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.