ಕಂಪ್ಯೂಟರ್ ನುಂಗಿದ ಪಂಪಿನ ವಯರಿಂಗ್ ಪಟ್ಟಿ

2024ರ ಮಾರ್ಚ್ ತಿಂಗಳು. ಅಡಿಕೆ ತೋಟಕ್ಕೆ ಒಂದು ದಿನವೂ ನೀರು ತಪ್ಪಬಾರದ ಸಮಯ. ನಮ್ಮ ಕೊಳವೆಬಾವಿಯ ಏಳೂವರೆ ಎಚ್.ಪಿ. ಪಂಪಿನ ಸ್ಟಾರ್ಟರ್ ಬಾಕ್ಸು ತುಕ್ಕು ಹಿಡಿದು ತಳವೇ ಉದುರತೊಡಗಿತ್ತು. ಒಳಗಿನ ಬಿಡಿಭಾಗಗಳು ಚೆನ್ನಾಗಿದ್ದವು. ಅವನ್ನೆಲ್ಲ ಹೊಸ ಬಾಕ್ಸಿಗೆ ಹಾಕುವುದೆಂದು ತೀರ್ಮಾನಿಸಿದೆವು.

ಎಲೆಕ್ಟ್ರಿಶನ್‌ಗೆ ಪ್ರತಿ ವಯರಿಗೂ ನಂಬರಿನ ಚೀಟಿ ಅಂಟಿಸುವ ಅಭ್ಯಾಸ. ನಾನೇ ತಡೆದೆ. "ಚೀಟಿ ಎಲ್ಲ ಯಾಕೆ ಮಾರಾಯಾ, ನೀನು ಹೇಳ್ತಾ ಹೋಗು, ನಾನು ಕಂಪ್ಯೂಟರಿಗೆ ಹಾಕ್ತೇನೆ" ಎಂದೆ. ಹಳೆಯ ಲ್ಯಾಪ್‌ಟಾಪನ್ನು ಪಂಪು ಶೆಡ್ಡಿಗೇ ಒಯ್ದೆ. ಅವನು ಹೇಳಿದ, ನಾನು ಟೈಪ್ ಮಾಡಿದೆ. ಬರೆದಾದ ವಯರನ್ನು ಅವನು ಕಳಚುತ್ತಾ ಹೋದ. ಒಂದೂವರೆ ಗಂಟೆಯಲ್ಲಿ ಬಾಕ್ಸು ಖಾಲಿ, ಪಟ್ಟಿ ಭರ್ತಿ.

ಅಷ್ಟರಲ್ಲಿ ಪರದೆ ಸ್ತಬ್ಧವಾಯಿತು. ಬಾಣದ ಗುರುತು ಅಲುಗಲಿಲ್ಲ, ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಸ್ವಿಚ್ಚು ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಚಾಲೂ ಮಾಡಿದೆ. ಹಳೆಯ ಫೈಲುಗಳೆಲ್ಲ ಇದ್ದವು, ಅಂದಿನ ಪಟ್ಟಿ ಇಲ್ಲ. ಮಗಳಿಗೆ ಫೋನಾಯಿಸಿದೆ. "ಅಪ್ಪಾ, ನಡುವೆ ಒಮ್ಮೆಯಾದ್ರೂ ಸೇವ್ ಕೊಟ್ಟಿದ್ರಾ?" ಎಂದು ಕೇಳಿದಳು. ಕೊಟ್ಟಿರಲಿಲ್ಲ.

ಅಳಿದದ್ದು ಯಾಕೆ?

ನಾವು ಟೈಪ್ ಮಾಡುವ ಅಕ್ಷರ ಮೊದಲು ಇರುವುದು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ. ಇದು ಫುಟ್‌ವಾಲ್ವ್ ಇಲ್ಲದ ಪೈಪಿನ ನೀರಿನ ಹಾಗೆ. ಪಂಪು ಓಡುವಷ್ಟು ಹೊತ್ತು ಮೇಲೆ ನಿಲ್ಲುತ್ತದೆ, ನಿಂತ ಕೂಡಲೇ ಬಾವಿಗೆ ಇಳಿಯುತ್ತದೆ. 'ಸೇವ್' ಕೊಟ್ಟಾಗಲೇ ಅದು ಡಿಸ್ಕಿಗೆ, ಅಂದರೆ ಟ್ಯಾಂಕಿಗೆ ಬಿದ್ದ ಹಾಗೆ. ಕೆಲವು ಪ್ರೋಗ್ರಾಮುಗಳು ಆಗಾಗ ತಾವೇ ಒಂದು ಪ್ರತಿ ತೆಗೆದಿಡುತ್ತವೆ. ನಾನು ಬಳಸಿದ್ದು ಸಾದಾ ಟಿಪ್ಪಣಿಯದು, ಅದರಲ್ಲಿ ಆ ವ್ಯವಸ್ಥೆ ಇರಲಿಲ್ಲ.

ಆರು ವಯರುಗಳ ಫಜೀತಿ

ಕಾಂಟ್ಯಾಕ್ಟರ್, ಟೈಮರುಗಳ ಮೇಲೆ ನಂಬರು ಅಚ್ಚಾಗಿರುತ್ತದೆ. ಹಾಗಾಗಿ ಬಾಕ್ಸಿನ ಒಳಗಿನ ಜೋಡಣೆ ಅರ್ಧ ದಿನದಲ್ಲಿ ಮುಗಿಯಿತು. ಕಷ್ಟವಾದದ್ದು ಮೋಟಾರಿನಿಂದ ಬರುವ ಆರು ವಯರುಗಳದ್ದು.

ಸ್ಟಾರ್-ಡೆಲ್ಟಾ ಮೋಟಾರಿನಲ್ಲಿ ಮೂರು ವೈಂಡಿಂಗ್. ಒಂದೊಂದಕ್ಕೂ ಒಂದು ತಲೆ, ಒಂದು ಬಾಲ. ತಲೆಗಳು ಯು1, ವಿ1, ಡಬ್ಲ್ಯು1. ಬಾಲಗಳು ಯು2, ವಿ2, ಡಬ್ಲ್ಯು2. ಚಾಲೂ ಆಗುವಾಗ ಬಾಲಗಳು ಮೂರೂ ಒಂದಾಗುತ್ತವೆ, ಇದು ಸ್ಟಾರ್. ಆಗ ಪ್ರತಿ ವೈಂಡಿಂಗಿಗೆ ಸಿಗುವುದು 415 ವೋಲ್ಟ್ ಅಲ್ಲ, ಸುಮಾರು 240. ಲೈನಿನಿಂದ ಎಳೆಯುವ ಕರೆಂಟು ನೇರ ಡೆಲ್ಟಾದಲ್ಲಿ ಚಾಲೂ ಮಾಡಿದರೆ ಎಳೆಯುವುದರ ಮೂರರಲ್ಲೊಂದು ಪಾಲು. ಕೆಲವು ಸೆಕೆಂಡಿನ ಬಳಿಕ ಟೈಮರು ಡೆಲ್ಟಾಕ್ಕೆ ಬದಲಿಸುತ್ತದೆ. ಆಗ ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2 ಸೇರಿ ಪೂರ್ತಿ ವೋಲ್ಟೇಜು ಸಿಗುತ್ತದೆ.

ನಮ್ಮಲ್ಲಿ ಕೆಳಗಿನಿಂದ ಬರುವುದು ಎರಡು ಕೇಬಲು. ಎರಡರಲ್ಲೂ ಕೆಂಪು, ಹಳದಿ, ನೀಲಿ ವಯರು. ಹಿಂದೊಮ್ಮೆ ಪಂಪು ಎತ್ತಿದಾಗ ಜಾಯಿಂಟಿನಲ್ಲಿ ಬಣ್ಣ ಅದಲುಬದಲಾಗಿತ್ತು. ಬಣ್ಣ ನಂಬುವ ಹಾಗಿಲ್ಲ, ಜಾಯಿಂಟು ಇರುವುದು ಕೊಳವೆಬಾವಿಯೊಳಗೆ!

ಮೀಟರು ಹಿಡಿದು ಮೂರು ಜೋಡಿ ಪತ್ತೆ ಮಾಡಿದೆವು. ಆದರೆ ಜೋಡಿಯಲ್ಲಿ ತಲೆ ಯಾವುದು, ಬಾಲ ಯಾವುದೆಂದು ಮೀಟರು ಹೇಳುವುದಿಲ್ಲ. ಅಂದಾಜಿನಲ್ಲಿ ಜೋಡಿಸಿ ಸ್ವಿಚ್ಚು ಒತ್ತಿದೆವು. ಮೋಟಾರು ಗುಂಯ್ ಎಂದು ನರಳಿ ಓವರ್‌ಲೋಡ್ ಟ್ರಿಪ್ ಆಯಿತು. ಒಂದು ವೈಂಡಿಂಗ್ ತಿರುವುಮುರುವಾದರೂ ಹೀಗೇ. ಮತ್ತೆ ಮತ್ತೆ ಪ್ರಯೋಗ ಮಾಡಿದ್ದರೆ ಮೋಟಾರೇ ಸುಡುತ್ತಿತ್ತು.

ಕೊನೆಗೆ ರಿವೈಂಡಿಂಗ್ ಮಾಡುವವರು ಬ್ಯಾಟರಿ ಮತ್ತು ಮುಳ್ಳಿನ ಮೀಟರು ತಂದರು. ಒಂದು ವೈಂಡಿಂಗಿಗೆ ಬ್ಯಾಟರಿ ಮುಟ್ಟಿಸಿ ತೆಗೆಯುವಾಗ ಉಳಿದವುಗಳಲ್ಲಿ ಮುಳ್ಳು ಯಾವ ಕಡೆಗೆ ಜಿಗಿಯುತ್ತದೆಂದು ನೋಡಿ ತಲೆ-ಬಾಲ ಗುರುತಿಸಿದರು. ಅಷ್ಟು ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಎಳೆಯ ಅಡಿಕೆ ಸಸಿಗಳು ಬಾಡಿ ಮಲಗಿದ್ದವು.

ಈಗ ನಮ್ಮ ಕ್ರಮ

1. ಮೊದಲು ಕಾಗದ, ಆಮೇಲೆ ಕಂಪ್ಯೂಟರ್. ಪೆನ್ಸಿಲಿನಲ್ಲಿ ಬರೆದರೆ ಪಸೆಗೆ ಶಾಯಿ ಹರಡುವ ಭಯವಿಲ್ಲ.

2. ವಯರಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ. ಪಟ್ಟಿಯಲ್ಲಿ 'ಎಲ್ಲಿಂದ - ಎಲ್ಲಿಗೆ'. ಉದಾಹರಣೆಗೆ, "ವಯರು 7: ಓವರ್‌ಲೋಡ್ 96ರಿಂದ ಸ್ಟಾಪ್ ಬಟನಿಗೆ". ಬಣ್ಣ ಮಾತ್ರ ಬರೆದರೆ ಸಾಲದು.

3. ಮೋಟಾರಿನ ಆರು ವಯರು ಯಾವ ಟರ್ಮಿನಲ್ಲಿಗೆ, ಒಳಬರುವ ಮೂರು ಫೇಸ್ ಯಾವ ಅನುಕ್ರಮದಲ್ಲಿ ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಿರಿ. ಎರಡು ಫೇಸ್ ಅದಲುಬದಲಾದರೆ ಪಂಪು ಹಿಮ್ಮುಖ ತಿರುಗಿ ನೀರು ಕಮ್ಮಿಯಾಗುತ್ತದೆ.

4. ಓವರ್‌ಲೋಡ್ ಎಷ್ಟು ಆಂಪಿಯರಿಗೆ, ಟೈಮರು ಎಷ್ಟು ಸೆಕೆಂಡಿಗೆ ಇಟ್ಟಿದೆ, ಕಾಯಿಲು 240 ವೋಲ್ಟಿನದೋ 415ರದೋ ಎಂಬುದೂ ಬೇಕು. 240ರ ಕಾಯಿಲಿಗೆ 415 ಕೊಟ್ಟರೆ ಸುಟ್ಟೇಹೋಗುತ್ತದೆ.

5. ವಯರು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ. ಬಾಕ್ಸು ಮುಟ್ಟುವ ಮೊದಲು ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಟೆಸ್ಟರಿನಲ್ಲಿ ನೋಡಲು ಮರೆಯಬೇಡಿ.

6. ಕಂಪ್ಯೂಟರಿನಲ್ಲಿ ಬರೆಯುವಾಗ ಮೊದಲ ಸಾಲಿಗೇ ಹೆಸರು ಕೊಟ್ಟು ಸೇವ್ ಮಾಡಿ. ನಂತರ ಐದಾರು ಸಾಲಿಗೊಮ್ಮೆ ಕಂಟ್ರೋಲ್ ಮತ್ತು ಎಸ್ ಕೀಲಿ ಒಟ್ಟಿಗೆ ಒತ್ತಿ.

ಪಟ್ಟಿಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಬಾಕ್ಸಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಏನೇ ಬದಲಿಸಿದರೂ ಅದರಲ್ಲೇ ತಾರೀಕು ಹಾಕಿ ತಿದ್ದುತ್ತೇವೆ.

2025ರ ಮಳೆಗಾಲದಲ್ಲಿ ಇಲಿ ಬಾಕ್ಸಿಗೆ ನುಗ್ಗಿ ಮೂರು ವಯರು ಕಡಿಯಿತು. ನಮ್ಮ ಎಲೆಕ್ಟ್ರಿಶನ್ ಊರಲ್ಲಿರಲಿಲ್ಲ. ಬಂದವನು ಹೊಸಬ, ಬಾಗಿಲ ಹಿಂದಿನ ಕಾಗದ ಓದಿ ಅರ್ಧ ಗಂಟೆಯಲ್ಲಿ ಸರಿಮಾಡಿ ಹೋದ. ಲ್ಯಾಪ್‌ಟಾಪ್ ತೆರೆಯುವ ಅಗತ್ಯವೇ ಬೀಳಲಿಲ್ಲ.