ಓಟದ ಕಾರಿನ ಸೆಟಪ್ ಮತ್ತು ಟೈರಿನ ಸವೆತ: ವರ್ತಕರೂ ಕಿರು ಉದ್ದಿಮೆದಾರರೂ ಗಮನಿಸಬೇಕಾದ ಅಂಶಗಳು

2025ರ ಮೇ 24ರಂದು ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಫಾರ್ಮುಲಾ 2 ಸ್ಪ್ರಿಂಟ್ ಓಟದಲ್ಲಿ ಬೆಂಗಳೂರಿನ ಕುಶ್ ಮೈನಿ ಪ್ರಥಮ ಸ್ಥಾನ ಗಳಿಸಿದರು. ಮೋಟಾರು ಕ್ರೀಡೆಯಲ್ಲಿ ಅತ್ಯಂತ ಪ್ರತಿಷ್ಠಿತವೆನಿಸಿದ ಆ ಪಥದಲ್ಲಿ ಭಾರತೀಯನೊಬ್ಬ ಗೆದ್ದದ್ದು ಅದೇ ಮೊದಲು. ಇದಕ್ಕೂ ಒಂದು ವರ್ಷ ಹಿಂದೆ, 2024ರ ಋತುವಿನ ಪ್ರಥಮ ಸುತ್ತಿನಲ್ಲಿ, ಬಹರೇನ್‌ನ ಅರ್ಹತಾ ಸ್ಪರ್ಧೆಯಲ್ಲಿಯೂ ಅವರೇ ಎಲ್ಲರಿಗಿಂತ ವೇಗವಾಗಿ ಓಡಿದ್ದರು. ಆದರೆ ಅರ್ಹತಾ ಸ್ಪರ್ಧೆಯ ನಂತರದ ತಪಾಸಣೆಯಲ್ಲಿ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವಾಗಿ, ಗಳಿಸಿದ ಮೊದಲ ಸ್ಥಾನ ಕೈತಪ್ಪಿತು. ಮುಂದಿನ ಸುತ್ತಿನಲ್ಲಿ, ಜೆಡ್ಡಾದಲ್ಲಿ, ಅವರು ಮುಖ್ಯ ಓಟವನ್ನು ಅಗ್ರಸ್ಥಾನದಿಂದ ಆರಂಭಿಸಿ ಎರಡನೆಯವರಾದರು. ಅದೇ ವರ್ಷ ಜುಲೈನಲ್ಲಿ ಹಂಗೆರಿಯ ಸ್ಪ್ರಿಂಟ್ ಓಟದಲ್ಲಿ ಮೊದಲು ಗುರಿ ಮುಟ್ಟಿದ ಸ್ಪರ್ಧಿಯ ಕಾರು ತಾಂತ್ರಿಕ ಕಾರಣದಿಂದ ಅನರ್ಹವಾದಾಗ ಗೆಲುವು ಕುಶ್ ಅವರ ಪಾಲಾಯಿತು. ಒಂದೇ ಋತುವಿನಲ್ಲಿ ತಾಂತ್ರಿಕ ನಿಯಮವು ಒಮ್ಮೆ ಕಸಿದುಕೊಂಡು ಮತ್ತೊಮ್ಮೆ ಕೊಟ್ಟದ್ದನ್ನು ನೋಡಿದರೆ, ಚಾಲಕನ ಧೈರ್ಯ ಮತ್ತು ಎಂಜಿನ್ನಿನ ಬಲಕ್ಕಿಂತ ಬೇರೆಯಾದ ಸಂಗತಿಗಳು ಈ ಕ್ರೀಡೆಯಲ್ಲಿ ಎಷ್ಟು ನಿರ್ಣಾಯಕವೆಂಬುದು ತಿಳಿಯುತ್ತದೆ.

ಒಂದೇ ಕಾರು, ಬೇರೆ ಬೇರೆ ಫಲ

ಫಾರ್ಮುಲಾ 2ರಲ್ಲಿ ಎಲ್ಲ ತಂಡಗಳಿಗೂ ಡಲ್ಲಾರಾ ಸಂಸ್ಥೆಯ ಚಾಸಿ, ಮೆಕಾಕ್ರೋಮ್ ಸಂಸ್ಥೆಯ ಎಂಜಿನ್ ಮತ್ತು ಪಿರೆಲಿ ಸಂಸ್ಥೆಯ ಟೈರುಗಳೇ ಒದಗುತ್ತವೆ. ಹಣವಿದ್ದವರು ಹೆಚ್ಚು ಬಲದ ಎಂಜಿನ್ ಕೊಳ್ಳುವಂತಿಲ್ಲ. ಹೀಗಿದ್ದೂ ಒಂದೇ ಬಗೆಯ ಕಾರುಗಳು ಒಂದೇ ಪಥದಲ್ಲಿ ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ವ್ಯತ್ಯಾಸವಿರುವುದು ಚಾಲಕನಲ್ಲಿ ಮತ್ತು ಸೆಟಪ್ ಎಂದು ಕರೆಯಲಾಗುವ ಹೊಂದಾಣಿಕೆಯಲ್ಲಿ. ಸ್ಪ್ರಿಂಗಿನ ಬಿಗಿ, ನೆಲದಿಂದ ಕಾರಿನ ಎತ್ತರ, ಚಕ್ರಗಳ ಓರೆ, ರೆಕ್ಕೆಯ ಕೋನ, ಟೈರಿನ ಗಾಳಿ ಇವೆಲ್ಲವೂ ಈ ಹೊಂದಾಣಿಕೆಯ ಅಂಗಗಳು. ಇವೆಲ್ಲದರ ಪರಿಣಾಮವೂ ಕಡೆಗೆ ಟೈರಿನ ಮೂಲಕವೇ ನೆಲಕ್ಕೆ ತಲುಪುತ್ತದೆ.

ಸಾಮಾನ್ಯ ಕಾರಿನ ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವುದು ಸುಮಾರು ಅಂಗೈಯಗಲದ ಜಾಗದಲ್ಲಿ ಮಾತ್ರ. ಓಟದ ಕಾರಿನಲ್ಲಿ ಈ ಜಾಗ ಇನ್ನಷ್ಟು ವಿಶಾಲವಾದರೂ, ಬ್ರೇಕು, ತಿರುವು, ವೇಗವರ್ಧನೆ ಮೂರೂ ಅಲ್ಲಿಂದಲೇ ನಡೆಯಬೇಕು. ಓಟದ ರಬ್ಬರು ಬಿಸಿಯಾದಾಗ ಮಾತ್ರ ನೆಲವನ್ನು ಹಿಡಿಯುತ್ತದೆ. ತಣ್ಣಗಿದ್ದರೆ ಜಾರುತ್ತದೆ, ಮಿತಿಮೀರಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಫಾರ್ಮುಲಾ 2ರಲ್ಲಿ ಟೈರನ್ನು ಮೊದಲೇ ಬಿಸಿಮಾಡುವ ಹೊದಿಕೆಗಳಿಗೆ ಅವಕಾಶವಿಲ್ಲವಾದ್ದರಿಂದ, ತಣ್ಣನೆಯ ಟೈರನ್ನು ಹದವಾದ ಬಿಸಿಗೆ ತಂದು, ಅದನ್ನು ಆ ಹದದಲ್ಲಿಯೇ ಉಳಿಸಿಕೊಳ್ಳುವುದು ಚಾಲಕನ ಹೊಣೆ.

ಸವೆತದ ಲೆಕ್ಕಾಚಾರ

ಟೈರಿನ ಹಾನಿಯಲ್ಲಿ ಎರಡು ಬಗೆಗಳಿವೆ. ರಬ್ಬರಿನ ದಪ್ಪ ಕಡಿಮೆಯಾಗುವುದು ಸವೆತ. ದಪ್ಪ ಉಳಿದಿದ್ದರೂ ಬಿಸಿಯಿಂದ ಗುಣ ಕೆಟ್ಟು ಹಿಡಿತ ಕುಗ್ಗುವುದು ಮತ್ತೊಂದು. ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಒಂದು ಕಾರಿನ ಟೈರು ಪ್ರತಿ ಸುತ್ತಿಗೂ 0.2 ಸೆಕೆಂಡಿನಷ್ಟು ನಿಧಾನವಾಗುತ್ತಾ ಹೋದರೆ, 15 ಸುತ್ತುಗಳಲ್ಲಿ ಒಟ್ಟು ನಷ್ಟ 21 ಸೆಕೆಂಡು. ಹೊಂದಾಣಿಕೆಯನ್ನು ಸುಧಾರಿಸಿ ಅದನ್ನು 0.1 ಸೆಕೆಂಡಿಗೆ ಇಳಿಸಿದರೆ ನಷ್ಟ 10.5 ಸೆಕೆಂಡು ಮಾತ್ರ. ಚಾಲಕ ಒಂದು ತಿರುವಿನಲ್ಲಿಯೂ ಹೆಚ್ಚು ಸಾಹಸ ಮಾಡದೆ ಹತ್ತು ಸೆಕೆಂಡುಗಳಿಗೂ ಮಿಕ್ಕಿದ ಲಾಭ ದೊರೆಯಿತು. ಮುಖ್ಯ ಓಟದಲ್ಲಿ ಒಮ್ಮೆ ಕಡ್ಡಾಯವಾಗಿ ನಿಂತು ಬೇರೆ ಬಗೆಯ ಟೈರಿಗೆ ಬದಲಾಯಿಸಬೇಕೆಂಬ ನಿಯಮವಿರುವುದರಿಂದ, ಯಾವ ಸುತ್ತಿನಲ್ಲಿ ನಿಲ್ಲಬೇಕೆಂಬ ನಿರ್ಧಾರವೂ ಈ ಲೆಕ್ಕವನ್ನೇ ಅವಲಂಬಿಸುತ್ತದೆ.

ಹೊಂದಾಣಿಕೆಯ ಮುಖ್ಯ ಅಂಗಗಳು

ಮೊದಲನೆಯದು ಗಾಳಿಯ ಒತ್ತಡ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪದೇ ಪದೇ ಮಡಚಿ ಬಿಚ್ಚಿ, ಒಳಗೇ ಬಿಸಿ ಹುಟ್ಟುತ್ತದೆ. ಹೆಚ್ಚಾದರೆ ಟೈರು ಉಬ್ಬಿ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಪಿ.ಎಸ್.ಐ. ತುಂಬಿದ ಟೈರಿನೊಳಗಿನ ಗಾಳಿ 90 ಡಿಗ್ರಿಗೆ ಕಾದಾಗ ಒತ್ತಡ ಸುಮಾರು 28 ಪಿ.ಎಸ್.ಐ.ಗೆ ಏರುತ್ತದೆ. ಆದ್ದರಿಂದ ತಂಡಗಳು ಓಟದ ನಡುವೆ ಬೇಕಾಗುವ ಒತ್ತಡವನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಆರಂಭದಲ್ಲಿ ಕಡಿಮೆ ತುಂಬುತ್ತವೆ.

ಎರಡನೆಯದು ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವುದರಿಂದ ಓಟದ ಕಾರುಗಳಲ್ಲಿ ಚಕ್ರದ ಮೇಲ್ತುದಿಯನ್ನು ಬೇಕೆಂದೇ ಒಳಕ್ಕೆ ವಾಲಿಸಿರುತ್ತಾರೆ. ತಿರುವಿನಲ್ಲಿ ಟೈರು ಪೂರ್ಣವಾಗಿ ನೆಲಕ್ಕೆ ಕೂರುತ್ತದೆ, ಆದರೆ ನೇರದಾರಿಯಲ್ಲಿ ಒಳಅಂಚು ಸವೆಯುತ್ತದೆ. ಮೂರನೆಯದು ಟೋ, ಅಂದರೆ ಮೇಲಿನಿಂದ ನೋಡಿದಾಗ ಎಡಬಲ ಚಕ್ರಗಳು ಮುಂದಕ್ಕೆ ಕೂಡುವಂತಿವೆಯೋ ಅಗಲುವಂತಿವೆಯೋ ಎಂಬುದು. ನಾಲ್ಕನೆಯದು ಸ್ಪ್ರಿಂಗು ಮತ್ತು ಆಂಟಿರೋಲ್ ಬಾರ್. ಮುಂದಿನ ಬಾರನ್ನು ಬಿಗಿಗೊಳಿಸಿದರೆ ತಿರುವಿನ ಭಾರ ಮುಂದಿನ ಹೊರಚಕ್ರದ ಮೇಲೆ ಹೆಚ್ಚು ಬೀಳುತ್ತದೆ. ಕಾರು ತಿರುಗಲು ಮೊಂಡುತನ ಮಾಡುತ್ತದೆ, ಮುಂದಿನ ಟೈರು ಬೇಗ ಸವೆಯುತ್ತದೆ. ಹಿಂದಿನದನ್ನು ಬಿಗಿಗೊಳಿಸಿದರೆ ಬಾಲ ಜಾರುತ್ತದೆ, ಹಿಂದಿನ ಟೈರು ದಣಿಯುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವುದರಿಂದ ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ತಂಡಗಳ ಪದ್ಧತಿ.

ಬದಲಾವಣೆ ಫಲಿಸಿತೇ ಎಂದು ತಿಳಿಯಲು ಸರಳ ಉಪಾಯವೊಂದಿದೆ. ಕಾರು ನಿಂತ ಕೂಡಲೇ ಟೈರಿನ ಒಳಅಂಚು, ನಡುಭಾಗ, ಹೊರಅಂಚು ಈ ಮೂರು ಕಡೆ ಬಿಸಿಯನ್ನು ಅಳೆಯಲಾಗುತ್ತದೆ. ನಡುಭಾಗ ಹೆಚ್ಚು ಬಿಸಿಯಿದ್ದರೆ ಗಾಳಿ ಅಧಿಕ, ಎರಡೂ ಅಂಚುಗಳು ಬಿಸಿಯಿದ್ದರೆ ಗಾಳಿ ಸಾಲದು, ಒಳಅಂಚು ಅತಿಯಾಗಿ ಕಾದಿದ್ದರೆ ಕ್ಯಾಂಬರ್ ಮಿತಿಮೀರಿದೆ ಎಂದರ್ಥ.

ಮಿತಿ ಮೀರಿದರೆ

2013ರ ಜೂನ್ 30ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಪಥದಲ್ಲಿ ನಡೆದ ಫಾರ್ಮುಲಾ 1 ಓಟದಲ್ಲಿ ಲೂಯಿಸ್ ಹ್ಯಾಮಿಲ್ಟನ್, ಫಿಲಿಪೆ ಮಸ್ಸಾ ಮೊದಲಾದವರ ಟೈರುಗಳು ಅತಿವೇಗದಲ್ಲಿರುವಾಗಲೇ ಸಿಡಿದವು. ಪಿರೆಲಿ ಸಂಸ್ಥೆ ನೀಡಿದ ವಿವರಣೆಯಲ್ಲಿ ಎಡಬಲದ ಹಿಂದಿನ ಟೈರುಗಳನ್ನು ಅದಲುಬದಲಾಗಿ ಜೋಡಿಸಿದ್ದು, ಸೂಚಿಸಿದ್ದಕ್ಕಿಂತ ಕಡಿಮೆ ಗಾಳಿ ತುಂಬಿದ್ದು, ಅತಿಯಾದ ಕ್ಯಾಂಬರ್ ಮತ್ತು ಪಥದ ಎತ್ತರದ ಅಂಚುಗಟ್ಟೆಗಳು ಕಾರಣಗಳೆಂದು ಹೇಳಲಾಗಿತ್ತು. ಸೆಕೆಂಡಿನ ಭಾಗಾಂಶಕ್ಕಾಗಿ ಮಾಡಿದ ಹೊಂದಾಣಿಕೆಗಳು ಒಟ್ಟುಗೂಡಿ ಟೈರಿನ ತಾಳಿಕೆಯನ್ನೇ ಮೀರಿದ್ದವು.

ಭಾರತಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಂಗ 2005ರ ಜೂನ್ 19ರದು. ಅಮೆರಿಕದ ಇಂಡಿಯಾನಾಪೊಲಿಸ್‌ನ ಓರೆಯಾದ ಕಡೆಯ ತಿರುವಿನಲ್ಲಿ ತನ್ನ ಟೈರುಗಳು ಸುರಕ್ಷಿತವೆಂದು ಮಿಶೆಲಿನ್ ಸಂಸ್ಥೆ ಭರವಸೆ ನೀಡಲಾಗಲಿಲ್ಲ. ಆ ಟೈರು ಬಳಸುತ್ತಿದ್ದ 14 ಕಾರುಗಳು ಹಿಂದೆ ಸರಿದು, ಬ್ರಿಜ್‌ಸ್ಟೋನ್ ಟೈರಿನ 6 ಕಾರುಗಳು ಮಾತ್ರ ಓಡಿದವು. ಜೋರ್ಡಾನ್ ತಂಡದ ನರೇನ್ ಕಾರ್ತಿಕೇಯನ್ ನಾಲ್ಕನೆಯವರಾಗಿ 5 ಅಂಕ ಪಡೆದರು. ಫಾರ್ಮುಲಾ 1ರಲ್ಲಿ ಭಾರತೀಯ ಚಾಲಕನೊಬ್ಬ ಗಳಿಸಿದ ಮೊದಲ ಅಂಕಗಳಿಗೆ ಟೈರಿನ ಸಮಸ್ಯೆಯೇ ದಾರಿ ಮಾಡಿಕೊಟ್ಟಿತ್ತು.

ಬೆಂಗಳೂರಿನ ನಂಟು

ಮೋಟಾರು ಓಟದೊಡನೆ ಬೆಂಗಳೂರಿನ ಸಂಬಂಧ ಹಳೆಯದು. ದಂಡು ಪ್ರದೇಶಕ್ಕೆ ಸೇರಿದ ಅಗರಂ ಮೈದಾನದಲ್ಲಿ ಹಿಂದೆ ಆಟೋಕ್ರಾಸ್ ಸ್ಪರ್ಧೆಗಳು ನಡೆದದ್ದುಂಟು. ಪಕ್ಕಾ ಪಥದ ಓಟಕ್ಕೆ ಮಾತ್ರ ಇಲ್ಲಿನವರು ಹಲಸೂರು, ಕೆ.ಆರ್. ಪುರಗಳನ್ನು ದಾಟಿ ಹಳೆಯ ಮದ್ರಾಸು ರಸ್ತೆ ಹಿಡಿಯಬೇಕಿತ್ತು. ಮೊದಲು ಶೋಳಾವರಂನ ಹಳೆಯ ವಿಮಾನಪಟ್ಟಿ, 1990ರ ನಂತರ ಶ್ರೀಪೆರಂಬುದೂರು ಬಳಿಯ ಇರುಂಗಾಟುಕೋಟೆಯ 3.717 ಕಿ.ಮೀ. ಉದ್ದದ ಪಥ ಅವರ ಗುರಿಯಾಯಿತು. ಟೈರು ತಯಾರಿಕೆಯಲ್ಲಿಯೂ ರಾಜ್ಯಕ್ಕೆ ಸ್ಥಾನವಿದೆ. ಮೈಸೂರಿನ ವಿಕ್ರಾಂತ್ ಟೈರ್ಸ್ ಸಂಸ್ಥೆ 1997ರಲ್ಲಿ ಜೆ.ಕೆ. ಟೈರ್ ಸಮೂಹದ ವಶಕ್ಕೆ ಬಂತು. ದೇಶದೊಳಗಿನ ಮೋಟಾರು ಓಟಗಳಿಗೆ ದೀರ್ಘಕಾಲದಿಂದ ಪ್ರಾಯೋಜನೆ ನೀಡುತ್ತ ಬಂದಿರುವುದೂ ಇದೇ ಸಮೂಹ.

ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರ ಪಾಲುದಾರಿಕೆಯಲ್ಲಿ 2008ರಿಂದ 2018ರವರೆಗೆ ಸ್ಪರ್ಧಿಸಿದ ಫೋರ್ಸ್ ಇಂಡಿಯಾ ತಂಡ ಕಡಿಮೆ ಬಂಡವಾಳದಿಂದಲೇ 2016 ಮತ್ತು 2017ರಲ್ಲಿ ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಟೈರನ್ನು ಕಾಪಾಡಿಕೊಂಡು ಓಡಿಸುವುದರಲ್ಲಿ ಹೆಸರಾದ ಸೆರ್ಜಿಯೊ ಪೆರೆಜ್ ಆ ತಂಡದ ಚಾಲಕರಾಗಿದ್ದುದು ಇಲ್ಲಿ ಸ್ಮರಣೀಯ. ಇನ್ನು ಕುಶ್ ಅವರ ತಂದೆ ಗೌತಮ್ ಮೈನಿ ಸ್ವತಃ ಓಟದ ಕಾರು ನಡೆಸಿದವರು, ಯಂತ್ರದ ನಿಖರ ಬಿಡಿಭಾಗಗಳನ್ನು ತಯಾರಿಸುವ ಉದ್ದಿಮೆಯವರು. ಅಳತೆಯ ಮಿತಿಯನ್ನು ಒಂದು ಕೂದಲೆಳೆಯಷ್ಟು ಮೀರಿದರೂ ಸರಕು ತಿರಸ್ಕೃತವಾಗುವುದು ಓಟದ ಪಥದಲ್ಲಿಯೂ ಬಿಡಿಭಾಗದ ಕಾರ್ಖಾನೆಯಲ್ಲಿಯೂ ಸಮಾನವೇ.

ನಮ್ಮ ವ್ಯಾಪಾರಕ್ಕೆ ಇದರ ಉಪಯೋಗ

ಶಿವಾಜಿನಗರದ ಹಳೆಯ ಬಿಡಿಭಾಗಗಳ ಅಂಗಡಿಗಳಿಂದ ಹಿಡಿದು ಇಂದಿರಾನಗರದ ಟೈರು ಮಳಿಗೆಗಳವರೆಗೆ, ಕೆ.ಆರ್. ಪುರದ ಹೆದ್ದಾರಿ ಬದಿಯ ಗ್ಯಾರೇಜುಗಳವರೆಗೆ ನೂರಾರು ಕುಟುಂಬಗಳು ವಾಹನದ ಚಕ್ರವನ್ನೇ ನಂಬಿ ಬದುಕುತ್ತಿವೆ. ಸ್ವಂತ ಸಾಗಣೆ ವಾಹನವಿರುವ ವರ್ತಕರ ಸಂಖ್ಯೆಯೂ ಕಡಿಮೆಯಲ್ಲ. ಓಟದ ಕಾರಿಗೆ ಅನ್ವಯಿಸುವ ಭೌತಶಾಸ್ತ್ರವೇ ಇವರ ಲಾರಿಗೂ ಅನ್ವಯಿಸುತ್ತದೆ. ಓಟದಲ್ಲಿ ಕಳೆದುಕೊಳ್ಳುವುದು ಸೆಕೆಂಡು, ಇಲ್ಲಿ ಕಳೆದುಕೊಳ್ಳುವುದು ಟೈರು ಮತ್ತು ಡೀಸೆಲ್.

ಸುಮಾರು ಒಂದು ಮೀಟರು ವ್ಯಾಸದ ಲಾರಿ ಟೈರಿನ ಟೋ ಕೇವಲ 0.2 ಡಿಗ್ರಿಯಷ್ಟು ತಪ್ಪಿದೆ ಎಂದಿಟ್ಟುಕೊಳ್ಳೋಣ. ಟೈರಿನ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವೆ ಇದು ಮೂರೂವರೆ ಮಿಲಿಮೀಟರಿನ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ. ಆದರೆ ಆ ಚಕ್ರ ಪ್ರತಿ ಕಿಲೋಮೀಟರಿಗೂ ಮೂರೂವರೆ ಮೀಟರಿನಷ್ಟು ಅಡ್ಡಕ್ಕೆ ಎಳೆದುಕೊಂಡು ಹೋದಂತಾಗುತ್ತದೆ. ಕೆ.ಆರ್. ಪುರದಿಂದ ಪೂರ್ವಕ್ಕೆ 300 ಕಿ.ಮೀ. ಓಡುವಷ್ಟರಲ್ಲಿ ಇದು ಒಂದು ಕಿಲೋಮೀಟರನ್ನು ಮುಟ್ಟುತ್ತದೆ. ಹೊಸ ಟೈರು ಕೆಲವೇ ತಿಂಗಳಲ್ಲಿ ಬೋಳಾಗುವುದಕ್ಕೆ ಎಷ್ಟೋ ಬಾರಿ ರಬ್ಬರಿನ ಗುಣಮಟ್ಟಕ್ಕಿಂತ ಇದೇ ಕಾರಣ.

ಟೈರನ್ನು ಬಿಚ್ಚಿ ಎಸೆಯುವ ಮುನ್ನ ಅದರ ಸವೆತವನ್ನು ಓದುವುದು ಲಾಭಕರ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಕ್ಯಾಂಬರನ್ನು ಪರೀಕ್ಷಿಸಬೇಕು. ಗರಗಸದ ಹಲ್ಲಿನಂತೆ ಒಂದು ದಿಕ್ಕಿಗೆ ಚೂಪಾಗಿದ್ದರೆ ಟೋ ತಪ್ಪಿದೆ. ಅಲ್ಲಲ್ಲಿ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಚಕ್ರದ ಬ್ಯಾಲೆನ್ಸಿಂಗ್‌ನಲ್ಲಿ ದೋಷವಿದೆ. ಕಾರಣವನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಸಾಗಣೆದಾರರು ಇನ್ನೊಂದು ಅಂಶವನ್ನೂ ನೆನಪಿಡಬೇಕು. ಮೇಲಿನ ರಬ್ಬರು ಸಮನಾಗಿ ಸವೆದು, ಒಳಗಿನ ಕೇಸಿಂಗ್ ಗಟ್ಟಿಯಾಗಿ ಉಳಿದ ಟೈರನ್ನು ಮಾತ್ರ ರೀಟ್ರೆಡಿಂಗ್ ಮಾಡಿಸಿ ಮರಳಿ ಬಳಸಬಹುದು. ಕಡಿಮೆ ಗಾಳಿಯಲ್ಲಿ ಓಡಿ ಒಳಗೇ ಬೆಂದ ಟೈರು ನೋಡಲು ಚೆನ್ನಾಗಿದ್ದರೂ ರೀಟ್ರೆಡಿಂಗ್‌ಗೆ ಯೋಗ್ಯವಲ್ಲ, ಭಾರ ಹೊತ್ತ ಲಾರಿಗೆ ಅಪಾಯಕಾರಿಯೂ ಹೌದು. ಹಳೆಯ ಟೈರು ಕೊಳ್ಳುವವರು ಪಕ್ಕದ ಗೋಡೆಯಲ್ಲಿರುವ ನಾಲ್ಕು ಅಂಕಿಗಳನ್ನು ನೋಡತಕ್ಕದ್ದು. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ಮಾರುವುದೂ ಕೊಳ್ಳುವುದೂ ತರವಲ್ಲ.

ಇವಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ನಂಬಲರ್ಹವಾದ ಗಾಳಿಮಾಪಕ, ವಾಹನ ಓಡಿಸುವ ಮುನ್ನ ಟೈರು ತಣ್ಣಗಿರುವಾಗಲೇ ಗಾಳಿ ನೋಡುವ ಅಭ್ಯಾಸ, ಕಾಲಕಾಲಕ್ಕೆ ವೀಲ್ ಅಲೈನ್‌ಮೆಂಟ್, ಮತ್ತು ಪ್ರತಿ ಚಕ್ರಕ್ಕೂ ಒಂದೊಂದು ಸಾಲು ಮೀಸಲಿಟ್ಟ ಪುಸ್ತಕ ಸಾಕು. ಯಾವ ಟೈರು, ಯಾವ ದಿನ, ಎಷ್ಟು ಕಿಲೋಮೀಟರಿಗೆ ಹಾಕಲಾಯಿತು, ಎಷ್ಟಕ್ಕೆ ತೆಗೆಯಲಾಯಿತು, ಹೇಗೆ ಸವೆದಿತ್ತು ಎಂಬುದನ್ನು ವರ್ಷವಿಡೀ ಬರೆದಿಟ್ಟ ಮಾಲೀಕರಿಗೆ ಯಾವ ವಾಹನ ಟೈರು ತಿನ್ನುತ್ತಿದೆ ಎಂಬುದು ವರ್ಷಾಂತ್ಯದಲ್ಲಿ ತಾನಾಗಿಯೇ ತಿಳಿಯುತ್ತದೆ. ಓಟದ ತಂಡಗಳು ಪ್ರತಿ ಸುತ್ತಿನ ನಂತರ ಮಾಡುವ ಕೆಲಸವೂ ಇದೇ ಆಗಿದೆ.