ಮುರಕಲ್ಲಿನ ಮೇಲೆ ಮಣ್ಣು ಹುಟ್ಟುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯ ಗುಡ್ಡೆಗಳನ್ನು ಜೂನ್ ನಡುವಿನ ಮಳೆಯಲ್ಲಿ ನೋಡಬೇಕು. ಮುರಕಲ್ಲು, ಅಂದರೆ ಕೆಂಪುಕಲ್ಲು, ಕಡಿದು ಬಿಟ್ಟುಹೋದ ಕೋರೆಗಳು ಅಲ್ಲಲ್ಲಿ ಬಾಯಿ ತೆರೆದು ಮಲಗಿರುತ್ತವೆ. ಯಂತ್ರದ ಗರಗಸ ಕೊಯ್ದ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತವೆ. ಗೋಡೆಯ ಮೈಮೇಲೆ ಬ್ಲೇಡಿನ ಗೆರೆಗಳು ಸಾಲಾಗಿ ಹಾಗೆಯೇ ಉಳಿದಿವೆ. ತಳದಲ್ಲಿ ಕಲ್ಲಿನ ಹುಡಿ ಮಳೆನೀರಿಗೆ ಕಲಸಿ, ಗಾರೆ ಬಳಿದ ಹಾಗೆ ನೆಲದ ಸಣ್ಣ ಸಣ್ಣ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆ ಮಳೆ ಕೋರೆಯಲ್ಲಿ ಕೆಂಪಾಗಿ ನಿಲ್ಲುತ್ತದೆ ಅಥವಾ ಕಣಿ ಹಿಡಿದು ತೋಡಿಗೆ ಓಡುತ್ತದೆ.

ಪಕ್ಕದಲ್ಲೇ, ಯಾರೂ ಕೈ ಹಾಕದ ಪದವು, ಮುರಕಲ್ಲಿನ ಬಯಲು. ದೂರಕ್ಕೆ ಅದೂ ಬರಿಯ ಬಂಡೆಯೇ. ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತರೆ ಬೇರೆಯೇ ಲೋಕ. ಅಂಗೈಯಗಲದ ಕುಳಿಯಲ್ಲಿ ಬೆರಳ ಗೆಣ್ಣಿನಷ್ಟು ಮಣ್ಣು, ಅದರ ಮೇಲೆ ಹಾವಸೆ, ಹಾವಸೆಯ ನಡುವೆ ಡ್ರಾಸೆರಾ ಎಂಬ ಪುಟ್ಟ ಗಿಡ. ಅದರ ಕೆಂಪು ರೋಮಗಳ ತುದಿಯಲ್ಲಿ ಒಂದೊಂದು ಅಂಟುಹನಿ. ಅದಕ್ಕೆ ಸಿಕ್ಕಿಕೊಂಡ ನುಸಿಯ ರೆಕ್ಕೆ ಇನ್ನೂ ಅಲುಗುತ್ತಿದೆ. ಸಾರಜನಕ ಕಡಿಮೆಯಿರುವ ನೆಲದಲ್ಲಿ ಗಿಡ ಆ ಕೊರತೆಯನ್ನು ಹುಳುವಿನಿಂದ ತುಂಬಿಸಿಕೊಳ್ಳಬೇಕು. ಓಣಂ ಹೊತ್ತಿಗೆ ಇದೇ ಕಲ್ಲಿನ ಮೇಲೆ ಯುಟ್ರಿಕ್ಯುಲೇರಿಯಾದ ನೀಲಿ ಹೂವು ಹಾಸುತ್ತದೆ. ಉತ್ತರ ಕೇರಳದ ಮಕ್ಕಳು ಅದನ್ನು ಕಾಕ್ಕಪ್ಪೂವು ಎಂದು ಕರೆದು ಹೂವಿನ ರಂಗೋಲಿಗೆ ಕೊಯ್ಯುತ್ತಾರೆ. ಮಳೆ ನಿಂತ ಮೇಲೆ ಮುಳಿಹುಲ್ಲು ಸೊಂಟದೆತ್ತರ ಬೆಳೆದು ಹೊಂಬಣ್ಣಕ್ಕೆ ತಿರುಗುತ್ತದೆ. ಹಂಚು ಬರುವ ಮುಂಚೆ ನಮ್ಮ ಮನೆಗಳ ಮಾಡು ಇದೇ ಹುಲ್ಲಿನದು.

ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಕಂಡದ್ದನ್ನು 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಬರೆದ: ನೆಲದೊಳಗಿರುವಾಗ ಮೆತ್ತಗೆ, ಆಯುಧಕ್ಕೆ ಸುಲಭವಾಗಿ ಒಗ್ಗುತ್ತದೆ, ಕಡಿದು ಗಾಳಿಗಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ. ಬೇಕಲದ ಕೋಟೆ ನಿಂತಿರುವುದು ಆ ಗುಣದ ಬಲದ ಮೇಲೆ. ಕೋರೆಯ ಸಂಕಟವೂ ಅದೇ ಗುಣದ್ದು. ಮೇಲಿನ ಪದರ ತೆಗೆದಾಗ ಬಿಸಿಲು ಕಾಣುವ ಒಳಗಿನ ಮೆದುಕಲ್ಲು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಮಳೆ ಬಹುಕಾಲ ಕೊರೆದು ಮಾಡಿದ ರಂಧ್ರಗಳ ದಾರಿ ಕಲ್ಲಿನ ಜೊತೆಗೇ ಲಾರಿ ಹತ್ತಿ ಹೋಗಿರುತ್ತದೆ. ಗುಡ್ಡೆಯ ಬುಡದಲ್ಲಿ ನೀರಿಗಾಗಿ ಕೊರೆದ ಸುರಂಗಗಳಲ್ಲಿ ಬೇಸಿಗೆಯಲ್ಲೂ ನೀರು ತೊಟ್ಟಿಕ್ಕುತ್ತಿದ್ದುದು ಆ ದಾರಿಯಿಂದಲೇ.

ಇಂಥ ನೆಲ ಮತ್ತೆ ಜೀವ ಹಿಡಿಯುತ್ತದೆಯೇ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ, ವೆಳ್ಳರಿಕುಂಡು ತಾಲೂಕಿನ ಪರಪ್ಪ ಸಮೀಪದ ಪುಲಿಯಂಕುಳಂನಲ್ಲಿ ಉತ್ತರವಿದೆ. 1977ರಲ್ಲಿ ಪಿ. ಅಬ್ದುಲ್ ಕರೀಂ ಅಲ್ಲಿ 5 ಎಕರೆ ಬೋಳು ಮುರಕಲ್ಲಿನ ಗುಡ್ಡೆ ಕೊಂಡರು. ಕಲ್ಲಿಗೆ ಯಾರಾದರೂ ದುಡ್ಡು ಸುರಿಯುತ್ತಾರೆಯೇ ಎಂದು ಆಡಿಕೊಂಡವರಿದ್ದರು. ಬಂಡೆಯ ಬಿರುಕು, ಕುಳಿ ಸಿಕ್ಕಿದಲ್ಲೆಲ್ಲ ಕಾಡು ಮರಗಳ ಸಸಿ ನೆಟ್ಟರು. ಸಸಿಗಳು ಒಣಗಿದವು. ಮತ್ತೆ ನೆಟ್ಟರು. ಇದ್ದ ಬಾವಿಯಲ್ಲಿ ನೀರು ಸಾಲದು. ದೂರದಿಂದ ಕ್ಯಾನುಗಳಲ್ಲಿ ತುಂಬಿ ದ್ವಿಚಕ್ರ ವಾಹನದಲ್ಲಿ ಹೊತ್ತು ತಂದು ಎರೆದರು. ಮೂರನೇ ವರ್ಷಕ್ಕೆ ಕೆಲವು ಗಿಡಗಳು ಬೇರು ಕಚ್ಚಿದವು. ಆಮೇಲೆ ಹಕ್ಕಿಗಳು ಬಂದವು, ಅವುಗಳ ಹಿಕ್ಕೆಯಲ್ಲಿ ಕರೀಂ ನೆಡದ ಬೀಜಗಳು ಬಂದವು. ಬಾವಿಯಲ್ಲಿ ನೀರು ಏರಿತು. ಆಮೇಲೆ ಕೊಂಡ ಜಾಗವೂ ಸೇರಿ ಗುಡ್ಡೆ ಕಾಲಕ್ರಮದಲ್ಲಿ 32 ಎಕರೆಯ ಕಾಡಾಯಿತು.

ನೆಟ್ಟದ್ದಕ್ಕಿಂತಲೂ ಅವರು ಮಾಡದೆ ಬಿಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಕಳೆ ಕೀಳಲಿಲ್ಲ, ಗೆಲ್ಲು ಸವರಲಿಲ್ಲ, ಬಿದ್ದ ಎಲೆ ಗುಡಿಸಲಿಲ್ಲ. ನಮ್ಮ ಊರುಗಳಲ್ಲಿ ಗುಡ್ಡೆಯೆಂದರೆ ತೋಟಕ್ಕೆ ಸೊಪ್ಪು, ಹಟ್ಟಿಗೆ ತರಗೆಲೆ ಒದಗಿಸುವ ಜಾಗ. ಅಡಿಕೆಯ ಬುಡ ತಣ್ಣಗಿರಲೆಂದು ಗುಡ್ಡೆಯ ಹೊದಿಕೆಯನ್ನು ಬುಟ್ಟಿಬುಟ್ಟಿಯಾಗಿ ಕೆಳಗಿಳಿಸಿದ್ದೇವೆ. ಉಳಿದದ್ದನ್ನು ಬೇಸಿಗೆಯ ಬೆಂಕಿ ತಿಂದಿದೆ. ಕೋರೆಯ ಗಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ನಿಧಾನದ ಸುಲಿತ ಬೀಳುವುದಿಲ್ಲ.

ಎಲೆ ಬಿದ್ದಲ್ಲೇ ಉಳಿದ ಮುರಕಲ್ಲಿನ ಕಾಡಿನಲ್ಲಿ ಒಂದು ಹಿಡಿ ತರಗೆಲೆ ಎತ್ತಿ ನೋಡಿ. ಮೇಲೆ ಈ ವರ್ಷದ ಎಲೆ, ಇಡಿಯಾಗಿ, ಗರಿಗರಿ. ಅದರ ಕೆಳಗೆ ಕಳೆದ ವರ್ಷದ್ದು, ನರಗಳ ಬಲೆ ಮಾತ್ರ. ಇನ್ನೂ ಕೆಳಗೆ ಬಿಳಿ ಅಣಬೆನೂಲು ಹೆಣೆದುಕೊಂಡ ಕಪ್ಪು ಹುಡಿ, ಮುಟ್ಟಿದರೆ ತಣ್ಣಗೆ, ಮಳೆಯ ವಾಸನೆ. ಗೆದ್ದಲು ಅಡ್ಡಾಡಿದ ಗುರುತು. ಬೆರಳು ಕಲ್ಲಿಗೆ ತಾಗುತ್ತದೆ. ಕಲ್ಲಿನ ತೂತಿನೊಳಗೆ ಕೂದಲಿನಷ್ಟು ಸಪೂರದ ಬೇರೊಂದು ಆಗಲೇ ಇಳಿದಿದೆ.

ಹಾಗೆಂದು ಕಂಡ ಬಂಡೆಯನ್ನೆಲ್ಲ ಕಾಡು ಮಾಡಹೊರಡುವುದನ್ನು ನಾನು ಒಪ್ಪಲಾರೆ. ಬರಡು ಎಂದು ಹೆಸರಿಟ್ಟು ಪದವುಗಳ ಮೇಲೆ ಅಕೇಶಿಯ ನೆಟ್ಟ ಕಾಲವೊಂದಿತ್ತು. 2019ರಲ್ಲಿ ಜಿಲ್ಲಾಡಳಿತ ಅಂತರ್ಜಲ ಏರಿಸಲೆಂದು ಉದ್ಯೋಗ ಖಾತ್ರಿಯ ಮೂಲಕ ಲಕ್ಷಗಟ್ಟಲೆ ಬಿದಿರ ಸಸಿ ನೆಡಲು ಹೊರಟಾಗ, ತೆರೆದ ಪದವಿಗೆ ಅದರದೇ ಬದುಕಿದೆ ಎಂದು ಸಸ್ಯಶಾಸ್ತ್ರ ಬಲ್ಲವರು ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಪೆರಿಯದ ಮುರಕಲ್ಲಿನ ನಾಡಿನಲ್ಲಿ, ಮಳೆಗಾಲದ ತೋಡಿನಲ್ಲಿ ಬೆಳೆಯುವ ಬಿಳಿ ಲಿಲ್ಲಿ ಕ್ರೈನಮ್ ಮಲಬಾರಿಕಮ್ ವಿಜ್ಞಾನದ ದಾಖಲೆ ಸೇರಿದ್ದೇ 2012ರಲ್ಲಿ. 2023ರಲ್ಲಿ ಅದು ಕಾಸರಗೋಡು ಜಿಲ್ಲೆಯ ಹೂವು ಎಂದು ಘೋಷಣೆಯಾಯಿತು. ಜೊತೆಗೆ ಕಾಸರಕ ಜಿಲ್ಲೆಯ ಮರವಾಯಿತು. ಬಿಸಿಲು ಬೇಕಾದ ಪದವಿನ ಗಿಡಗಳ ಮೇಲೆ ನೆರಳು ಹಾಕಿದರೆ ಅದೂ ಒಂದು ಬಗೆಯ ಕೋರೆಯೇ. ಕೈ ಹಾಕದ ಪದವಿಗೆ ಬೇಕಾದದ್ದು ಬೆಂಕಿಯಿಂದ, ಕಸದ ಲಾರಿಯಿಂದ ಕಾವಲು, ಅಷ್ಟೆ.

ಕಡಿದು ಬಿಟ್ಟ ಕೋರೆಗೆ ಮಾತ್ರ ನಮ್ಮ ಕೈ ಬೇಕು. ಕಲ್ಲು ಕಡಿಯುವ ಮೊದಲು ಕೆರೆದು ಬದಿಗೆ ರಾಶಿ ಹಾಕಿದ ಮೇಲ್ಮಣ್ಣು ಹೆಚ್ಚಾಗಿ ಕೋರೆಯ ಅಂಚಿನಲ್ಲೇ ಇರುತ್ತದೆ. ಅದರಲ್ಲಿ ಹುಲ್ಲಿನ ಬೀಜ, ಗೆಡ್ಡೆ, ಸೂಕ್ಷ್ಮಜೀವಿ ಎಲ್ಲ ಇವೆ. ತಳದ ಹುಡಿಪದರವನ್ನು ಪಿಕ್ಕಾಸಿನಿಂದ ಒಡೆದು, ಚೂರುಕಲ್ಲನ್ನು ಇಳಿಜಾರಿಗೆ ಅಡ್ಡಲಾಗಿ ಸಾಲಿಟ್ಟು, ಸಾಲಿನ ಮೇಲ್ಬದಿಗೆ ಆ ಮಣ್ಣು ಹರಡಿ, ಮೇಲೆ ತರಗೆಲೆ ಹೊದೆಸಿದರೆ ಮೊದಲ ಮಳೆಯ ನೀರು ಅಲ್ಲಿ ನಿಂತು ಇಂಗುತ್ತದೆ. ಹೊರಗಿನ ಫಲವತ್ತಾದ ಮಣ್ಣು ತಂದು ಸುರಿದರೆ ಬರುವುದು ಕಮ್ಯುನಿಸ್ಟ್ ಗಿಡವೆಂಬ ಕಳೆ; ಅದು ಯಾರಿಗೂ ಜಾಗ ಬಿಡುವುದಿಲ್ಲ.

ಮೊದಲು ಮುಳಿಹುಲ್ಲು, ನೆಕ್ಕರಿಕ, ಕೇಪಳ, ಕುಂಟನೇರಳೆ. ಇವು ಬಿಸಿಲಿಗೆ ಹೆದರುವವಲ್ಲ. ಹಣ್ಣಿನ ಆಸೆಗೆ ಹಕ್ಕಿ ಬಂದು ಕೂರುವುದೂ ಇವುಗಳ ಮೇಲೆಯೇ. ಇವುಗಳ ನೆರಳು ಮೊಣಕಾಲಿನೆತ್ತರಕ್ಕೆ ಬಂದ ಮೇಲೆ ಮರುವ, ಹೊನ್ನೆ, ಕಾಸರಕ. ಹೊನ್ನೆಯ ರೆಕ್ಕೆಕಾಯಿ ಒಣಗಿ ಬೀಳುವುದು ಬೇಸಿಗೆಯಲ್ಲಿ. ಅದನ್ನು ಗೋಣಿಯಲ್ಲಿ ಕಟ್ಟಿಟ್ಟು ಮಳೆ ಕಾಯಬಹುದು. ಬೋಗಿ, ದೂಪಗಳದ್ದು ಹಾಗಲ್ಲ. ಅವುಗಳ ಬೀಜ ಉದುರುವುದೇ ಮಳೆಗಾಲದ ಬಾಗಿಲಲ್ಲಿ, ಒಣಗಿದರೆ ಸತ್ತಂತೆ. ಕಾಡಿನ ಬುಡದಲ್ಲಿ ಹೆಕ್ಕಿದ್ದನ್ನು ಅದೇ ವಾರ ಒದ್ದೆ ಮಣ್ಣಿಗೆ ಊರಬೇಕು. ಹಾಗಾಗಿ ಪಿಕ್ಕಾಸಿನ ಕೆಲಸ ಏಪ್ರಿಲಿನ ಬಿಸಿಲಲ್ಲೇ ಮುಗಿದಿರಬೇಕು.